ಸಂದಿಯಲ್ಲಿ ಸೋರುವ ದುಡ್ಡು

ಕರೆಂಟ್ ಬಿಲ್ ಬಂದ ದಿನ ಮೊದಲು ಬೈಗುಳ ತಿನ್ನುವುದು ಮೊಬೈಲ್ ಚಾರ್ಜರ್. ಪಾಪ, ಫೋನಿಲ್ಲದೆ ಸುಮ್ಮನೆ ನೇತಾಡುವಾಗ ಅದು ಅರ್ಧ ವ್ಯಾಟನ್ನೂ ಎಳೆಯುವುದಿಲ್ಲ. ಅದನ್ನು ಕಿತ್ತು ಬೀಗುವ ಹೊತ್ತಿಗೆ ಬಚ್ಚಲಲ್ಲಿ 2,000 ವ್ಯಾಟಿನ ಗೀಸರ್ ಕಾಯುತ್ತಿರುತ್ತದೆ, ಎರಡೂ ಅರ್ಥದಲ್ಲಿ. ಒಂದು ಗಂಟೆ ಕಾದರೆ 2 ಯೂನಿಟ್. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 222 ಗಂಟೆ ಉರಿದೀತು.

ಆಮೇಲೆ ಮನೆ ರಿಪೇರಿಯ ಹುರುಪು. ದುಡ್ಡೆಲ್ಲ ಫಾಲ್ಸ್ ಸೀಲಿಂಗಿಗೆ ಹೋಗುತ್ತದೆ, ಬಾಗಿಲ ಕೆಳಗಿನ ಸಂದಿಯಲ್ಲಿ ಹಲ್ಲಿ ಓಡಾಡಿಕೊಂಡೇ ಇರುತ್ತದೆ. 90 ಸೆಂ.ಮೀ. ಅಗಲದ ಬಾಗಿಲಡಿ 5 ಮಿ.ಮೀ. ಸಂದಿಯೆಂದರೆ 45 ಚದರ ಸೆಂ.ಮೀ. ತೂತು. ಅಷ್ಟು ದೊಡ್ಡ ತೂತು ಗೋಡೆಯಲ್ಲಿದ್ದರೆ ಮೇಸ್ತ್ರಿಯನ್ನು ಕರೆಸಿ ಜಗಳವಾಡುತ್ತಿದ್ದೆವು. ಎಸಿಯ ತಂಪು ಹೊರಗೆ ಹೋಗುವುದು ಇಲ್ಲಿಂದಲೇ.

ಸೋರಿಕೆ ಹುಡುಕಲು ಒಂದು ಊದುಬತ್ತಿ ಸಾಕು. ಹಚ್ಚಿ ಕಿಟಕಿ, ಬಾಗಿಲಿನ ಅಂಚಿನುದ್ದಕ್ಕೂ ನಿಧಾನ ಸರಿಸಿ; ಹೊಗೆ ಅಡ್ಡ ಓಡಿದ ಕಡೆ ಗುರುತು ಹಾಕಿ. ಪರದೆ ದೂರವಿರಲಿ. ಫ್ಯಾನ್ ಆರಿಸುವುದನ್ನು ಮರೆತರೆ ಹೊಗೆ ಹುಚ್ಚೆದ್ದು ಕುಣಿದು, ಇಡೀ ಮನೆಯೇ ಜರಡಿ ಎಂಬ ತೀರ್ಮಾನವಾಗುತ್ತದೆ.

ಸಂದಿಗೆ ಫೋಮ್ ಟೇಪು. ಎಲ್ಲರೂ ಎಡವುವುದು ದಪ್ಪದಲ್ಲಿ. ಹಿಟ್ಟಿನ ಸಣ್ಣ ಉಂಡೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೌಕಟ್ಟಿಗಿಟ್ಟು ಬಾಗಿಲು ಹಾಕಿ; ಚಪ್ಪಟೆಯಾದ ಹಿಟ್ಟಿನ ದಪ್ಪವೇ ಸಂದಿಯ ಅಳತೆ. 4 ಮಿ.ಮೀ. ಬಂದರೆ 6 ಮಿ.ಮೀ. ಟೇಪು ಸರಿ. ‘ಇರಲಿ, ಗಟ್ಟಿಯಾಗಿರಲಿ’ ಎಂದು 12 ಮಿ.ಮೀ. ತಂದರೆ ಚಿಲಕ ಬೀಳುವುದಿಲ್ಲ. ದಿನಾ ಹೆಗಲು ಕೊಟ್ಟು ಒತ್ತಿದರೆ ಕೊನೆಗೆ ಸಡಿಲಾಗುವುದು ಕೀಲಿನ ಸ್ಕ್ರೂ. ಚೌಕಟ್ಟನ್ನು ಸ್ಪಿರಿಟ್ಟಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಧೂಳಿನ ಮೇಲೆ ಅಂಟಿಸಿದ ಟೇಪು ವಾರದೊಳಗೆ ಬಾಗಿಲು ಬಿಟ್ಟು ಚಪ್ಪಲಿಗೆ ಅಂಟುತ್ತದೆ. ಎಳೆದೆಳೆದು ಅಂಟಿಸಿದರೆ ಆಮೇಲೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ.

ಕಿಟಕಿ ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿಗೆ ಟ್ಯೂಬಿನ ಸೀಲಂಟ್. ಮೇಲೆ ಬಣ್ಣ ಬಳಿಯುವುದಿದ್ದರೆ ಅಕ್ರಿಲಿಕ್ ತನ್ನಿ. ಸಿಲಿಕೋನ್ ಮೇಲೆ ಬಣ್ಣ ಕೆಸುವಿನೆಲೆಯ ನೀರಿನ ಹಾಗೆ ಉರುಳುತ್ತದೆ. ಕೆರೆದು ತೆಗೆಯುವುದು ಅರ್ಧ ದಿನದ ಶಿಕ್ಷೆ.

ಒಂದು ಮಾತು ಮಾತ್ರ ತಮಾಷೆಯಲ್ಲ: ಗ್ಯಾಸ್ ಗೀಸರ್ ಇರುವ ಕೋಣೆಯ ಗಾಳಿಗಿಂಡಿ ಮುಚ್ಚಲೇಬೇಡಿ. ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಫ್ರಿಜ್ ಬಾಗಿಲಿಗೆ ಕಾಗದದ ಚೀಟಿ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಬಾಗಿಲಂಚಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಸೋತಿದೆ. ಬೆಚ್ಚನೆಯ ಸೋಪುನೀರಲ್ಲಿ ಒರೆಸಿಯೂ ಬಿಗಿಯಾಗದಿದ್ದರೆ ಬದಲಿಸಿ. ಹೊಸ ಫ್ರಿಜ್ಜೇ ತಂದವರ ಕಥೆ ಬೇರೆ. ಹಳೆಯದು ‘ನೀರಿನ ಬಾಟಲಿಗೆ ಆಯ್ತು’ ಎಂದು ಮೂಲೆ ಸೇರಿ, ಉಳಿತಾಯವನ್ನು ಕೂತಲ್ಲೇ ತಿನ್ನುತ್ತದೆ.

ಫ್ಯಾನಿನದೂ ಅದೇ ಗತಿ. 75 ವ್ಯಾಟಿನದರ ಬದಲು 28 ವ್ಯಾಟಿನ ಬಿಎಲ್‌ಡಿಸಿ (ಬ್ರಶ್ ಇಲ್ಲದ ಮೋಟರಿನ) ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 14 ಯೂನಿಟ್ ಉಳಿತಾಯ. ಆದರೆ ಅದನ್ನು ತೂಗುಹಾಕುವುದು ಫ್ಯಾನು ದಿನಕ್ಕೆ ಒಂದು ಗಂಟೆ ತಿರುಗುವ ಹಾಲ್‌ನಲ್ಲಿ, ಬಂದವರು ರಿಮೋಟ್ ನೋಡಲಿ ಅಂತ. ರಾತ್ರಿಯಿಡೀ ತಿರುಗುವ ಮಲಗುವ ಕೋಣೆಗೆ ಹಳೆಯದೇ. ಹೊಸದನ್ನು ಕೂಡಿಸುವಾಗ ಹಳೆಯ ರೆಗ್ಯುಲೇಟರನ್ನು ವೈರಿಂಗಿನಿಂದ ತಪ್ಪಿಸಬೇಕು, ಇಲ್ಲದಿದ್ದರೆ ಫ್ಯಾನು ತಿಕ್ಕಲಾಡುತ್ತದೆ. ತಪ್ಪಿಸಿದ ಮೇಲೂ ಗುಂಡಿ ಗೋಡೆಯಲ್ಲೇ ಉಳಿದಿರುತ್ತದೆ. ಬಂದ ನೆಂಟರು ರಿಮೋಟ್ ಮುಟ್ಟುವುದಿಲ್ಲ. ಆ ಗುಂಡಿಯನ್ನೇ ಐದರವರೆಗೂ ತಿರುಗಿಸಿ, ‘ಈಗ ಗಾಳಿ ಚೆನ್ನಾಗಿ ಬಂತು’ ಎನ್ನುತ್ತಾರೆ.