ಮೂರನೇ ಗೇರಿನ ಮೋಹ

ನಮ್ಮ ವ್ಯಾನಿಗೆ ಮೂರನೇ ಗೇರಿನ ಮೇಲೆ ವಿಪರೀತ ಮೋಹ. ದಿನಾ ಅಲ್ಲ, ಮನಸ್ಸು ಬಂದಾಗ ಮಾತ್ರ. ಏಳು ಸೀಟಿನ ಹಳೆಯ ಆಟೋಮ್ಯಾಟಿಕ್ ಗಾಡಿ, ಬೆಂಗಳೂರಿನವರ ಕೈಯಿಂದ ತುಮಕೂರಿಗೆ ಬಂದದ್ದು. ಚೆನ್ನಾಗಿ ಓಡುತ್ತಾ ಇರುತ್ತದೆ, ಇದ್ದಕ್ಕಿದ್ದ ಹಾಗೆ ಮೀಟರಿನಲ್ಲಿ 'ಡಿ' ಅಕ್ಷರ ಮಿಣಿಮಿಣಿ ಅನ್ನುತ್ತದೆ, ಅಲ್ಲಿಂದ ಮುಂದೆ ಮೂರನೇ ಗೇರೊಂದೇ. ಸಿಗ್ನಲ್‌ನಲ್ಲಿ ನಿಂತು ಹೊರಟರೂ ಮೂರು, ಹಂಪ್ ಹತ್ತಿದರೂ ಮೂರು. ಎಂಜಿನ್ ನರಳುತ್ತದೆ, ಗಾಡಿ ಕದಲುವುದಿಲ್ಲ, ಹಿಂದಿನ ಆಟೋದವರು ತಲೆ ಹೊರಗೆ ಹಾಕಿ ನಮ್ಮ ವಂಶದ ಬಗ್ಗೆ ವಿಚಾರಿಸುತ್ತಾರೆ. ಆಫ್ ಮಾಡಿ ಆನ್ ಮಾಡಿದರೆ ಎಲ್ಲಾ ಗೇರೂ ವಾಪಸ್. ಏನೂ ನಡೆದೇ ಇಲ್ಲ ಅನ್ನೋ ಹಾಗೆ.

ಮಾವನವರು ಹಿಂದೆ ಲಾರಿ ಓಡಿಸಿದವರು. "ಕ್ಲಚ್ ಹೋಗಿದೆ" ಅಂದರು.

"ಇದಕ್ಕೆ ಕ್ಲಚ್ ಪೆಡಲ್ಲೇ ಇಲ್ವಲ್ಲ ಮಾವ."

"ಅದೇ ನಾನು ಹೇಳಿದ್ದು, ಹೋಗಿದೆ ಅಂತ."

ಪೂರ್ತಿ ತಪ್ಪು ಅಂತಲೂ ಹೇಳುವ ಹಾಗಿಲ್ಲ. ಆಟೋಮ್ಯಾಟಿಕ್ ಗೇರ್ ಬಾಕ್ಸ್ ಒಳಗೆ ಕ್ಲಚ್ ಪ್ಲೇಟುಗಳು ಇದ್ದೇ ಇರುತ್ತವೆ, ಒಂದಲ್ಲ, ಹಲವು. ಅವನ್ನು ಒತ್ತುವುದು ಕಾಲಲ್ಲ, ಎಣ್ಣೆಯ ಒತ್ತಡ. ಅವು ಸುಡುತ್ತಿದ್ದರೆ ಗೇರ್ ಆಯಿಲ್ ಕೆಂಪು ಬಣ್ಣ ಬಿಟ್ಟು ಕಂದಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಪರೀಕ್ಷೆ ಸುಲಭ. ನಮ್ಮ ಗಾಡಿಯ ಪುಸ್ತಕ ಹೇಳುವಂತೆ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಗೇರ್ ಆಯಿಲ್ ಅಳೆಯುವ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಬೇಕು. ಆ ಹೊತ್ತಿಗೆ ಕೈಗೆ ಸಿಕ್ಕ ಬಿಳಿ ಬಟ್ಟೆ ಮಾವನವರ ಪಂಚೆ. ಎಣ್ಣೆ ಒಳ್ಳೇ ಕೆಂಪಗಿತ್ತು. ಮಾವನವರ ಮುಖವೂ.

ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಬಾನೆಟ್ ಎತ್ತುವ ಮೊದಲೇ ಗೇರ್ ಬಾಕ್ಸ್ ಬದಲಾಯಿಸಿ ಅಂದರು. ಲಕ್ಷದ ಮಾತು. ಕಾಫಿ ಮಾತ್ರ ಚೆನ್ನಾಗಿ ಕೊಟ್ಟರು.

ಗುಬ್ಬಿ ಗೇಟ್ ಕಡೆಯ ನಮ್ಮ ಮೆಕ್ಯಾನಿಕ್ ಅಂಥವನಲ್ಲ, ಕಂಡದ್ದನ್ನು ಮಾತ್ರ ನಂಬುವವನು. ಕಷ್ಟ ಏನೆಂದರೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ಬಿ.ಎಚ್. ರಸ್ತೆಯಲ್ಲಿ ಒಂದು ರೌಂಡ್ ಹೊಡೆದು ಬಂದು "ಬೆಣ್ಣೆ ಬೆಣ್ಣೆ ಓಡ್ತಿದೆ ಸಾರ್" ಅನ್ನುತ್ತಿದ್ದ. ಸ್ಕ್ಯಾನರ್ ಹಾಕಿದಾಗ ಎರಡು ಕೋಡ್ ಬಂದವು. ಪಿ 0700 ಅಂದರೆ ಗೇರ್ ಬಾಕ್ಸ್ ನೋಡಿಕೊಳ್ಳುವ ಕಂಪ್ಯೂಟರಿನಲ್ಲಿ ಏನೋ ದೂರು ಇದೆ, ಅಲ್ಲೇ ಕೇಳಿ ಅಂತ. ತಾಲ್ಲೂಕು ಕಚೇರಿಯಲ್ಲಿ "ಪಕ್ಕದ ಟೇಬಲ್ ಕೇಳಿ" ಅನ್ನುತ್ತಾರಲ್ಲ, ಅದೇ. ವಿಷಯ ಇದ್ದದ್ದು ಪಿ 0720ರಲ್ಲಿ. ಗೇರ್ ಬಾಕ್ಸಿನಿಂದ ಹೊರಬರುವ ವೇಗವನ್ನು ಅಳೆಯುವ ಸೆನ್ಸರಿನ ಸರ್ಕ್ಯೂಟ್ ಸರಿಯಿಲ್ಲ. ಒಳಹೋಗುವ ವೇಗ, ಹೊರಬರುವ ವೇಗ ಎರಡನ್ನೂ ತಾಳೆ ನೋಡಿ ಕಂಪ್ಯೂಟರ್ ಗೇರ್ ಕೊಡುತ್ತದೆ. ಒಂದರ ಲೆಕ್ಕ ತಪ್ಪಿತೋ, ಗೇರ್ ಬಾಕ್ಸ್ ಹಾಳಾಗದೆ ಮನೆ ಸೇರಲಿ ಅಂತ ಒಂದೇ ಗೇರ್ ಹಿಡಿದು ಕೂರುತ್ತದೆ. ಅಂದರೆ ನಾವು ಬೈಯುತ್ತಿದ್ದುದು ಗಾಡಿಯ ಜಾಣತನಕ್ಕೆ!

ಹೊಸ ಸೆನ್ಸರ್ ಹಾಕಿಸಿದೆವು. ಸ್ವಲ್ಪ ದಿನ ಶಾಂತಿ. ಆಮೇಲೆ ಮತ್ತೆ ಮೂರು.

ದಾರಿ ತೋರಿಸಿದ್ದು ನನ್ನ ಹೆಂಡತಿ. "ನೀವೊಬ್ಬರೇ ಹೋದಾಗ ಯಾವತ್ತಾದ್ರೂ ಹೀಗಾಗಿದೆಯಾ?" ಯೋಚಿಸಿ ನೋಡಿದರೆ ಇಲ್ಲ. ಎಲ್ಲರೂ ಹತ್ತಿದಾಗ, ಅದರಲ್ಲೂ ಏರು ರಸ್ತೆಯಲ್ಲಿ ಜಾಸ್ತಿ.

"ಅಂದ್ರೆ ನನ್ನ ತೂಕಕ್ಕೆ ಅಂತೀಯೇನೇ?" ಒಳಗಿಂದ ಅತ್ತೆ.

ಮೆಕ್ಯಾನಿಕ್‌ಗೆ ಹೇಳಿದಾಗ ಅವನ ಕಣ್ಣು ಅರಳಿತು. "ಹಾಗಾದ್ರೆ ಫುಲ್ ಲೋಡಲ್ಲಿ ನೋಡ್ಬೇಕು ಸಾರ್. ಎಲ್ಲರನ್ನೂ ಕರ್ಕೊಂಡು ಬನ್ನಿ, ದೇವರಾಯನದುರ್ಗ ಹತ್ತಿಸೋಣ." ಟೆಸ್ಟ್ ಡ್ರೈವ್ ಅನ್ನುವುದು ನಮ್ಮ ಮನೆಯಲ್ಲಿ ಪ್ರವಾಸ ಆಗಿಹೋಯಿತು. ಅತ್ತೆ ಮಡಿ ಸೀರೆ ಉಟ್ಟು ಪುಳಿಯೋಗರೆ ಡಬ್ಬಿ ಹಿಡಿದರು. ಮೊದಲು ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟರೆ ಲೋಡ್ ಇನ್ನೂ ಸರಿಯಾಗಿರುತ್ತದೆ ಅನ್ನುವುದು ಮಾವನವರ ತಾಂತ್ರಿಕ ಸಲಹೆ. ಮುಂದಿನ ಸೀಟು ಸ್ಕ್ಯಾನರಿಗೆ ಬೇಕು ಅಂದಾಗ ಅವರಿಗೆ ಬಂದ ಸಿಟ್ಟು ನಾಮದ ಚಿಲುಮೆ ದಾಟಿದರೂ ಇಳಿದಿರಲಿಲ್ಲ.

ನಾನು ಓಡಿಸುತ್ತಿದ್ದೆ, ಮೆಕ್ಯಾನಿಕ್ ಪರದೆ ಹಿಡಿದಿದ್ದ, ಹಿಂದಿನಿಂದ ಮಕ್ಕಳು ಅವನ ಹೆಗಲ ಮೇಲೆ ಬಗ್ಗಿ ಸೆನ್ಸರಿನ ಅಂಕಿಯನ್ನು ಜೋರಾಗಿ ಓದುತ್ತಿದ್ದರು. ಭೋಗನರಸಿಂಹನ ಗುಡಿ ದಾಟಿ ಏರು ಶುರುವಾಗಿ, ತಿರುವಿನಲ್ಲಿ ನಾನು ಆಕ್ಸಿಲರೇಟರ್ ಒತ್ತಿದ್ದೇ ತಡ, "ಸೊನ್ನೆ! ಸೊನ್ನೆ!" ಅಂತ ಕಿರುಚಿದರು. ಗಾಡಿ ಓಡುತ್ತಿದೆ, ಅಂಕಿ ಸೊನ್ನೆ. 'ಡಿ' ಮಿಣಿಮಿಣಿ. ಗಾಡಿ ಕೆಟ್ಟಿದ್ದಕ್ಕೆ ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ನೋಡಿಲ್ಲ. ಅತ್ತೆ ಮಾತ್ರ ಮೇಲಿನ ಯೋಗನರಸಿಂಹನಿಗೆ ಅಲ್ಲಿಂದಲೇ ಕೈಮುಗಿದರು.

ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆವು. ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡೇ ಸ್ವಲ್ಪ ಆಕ್ಸಿಲರೇಟರ್ ಕೊಡಿ ಅಂದ ಮೆಕ್ಯಾನಿಕ್. ಅವನು ಎದುರಿಗೆ ಬರದೆ ಪಕ್ಕದಿಂದ ಇಣುಕಿ ನೋಡಿದ. ಎಂಜಿನ್ ಇಡಿಯಾಗಿ ಹಿಂದಕ್ಕೆ ವಾಲಿತು. ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ವಯಸ್ಸಾಗಿ ಮೆತ್ತಗಾಗಿದೆ, ಸೆನ್ಸರಿನ ವೈರ್ ಹಿಡಿದಿದ್ದ ಕ್ಲಿಪ್ ಎಂದೋ ಮುರಿದಿದೆ. ವಾಲಿದಾಗೆಲ್ಲ ವೈರ್ ಎಳೆದುಕೊಂಡು ಕಬ್ಬಿಣದ ಅಂಚಿಗೆ ಉಜ್ಜುತ್ತಿದೆ. ಮೇಲಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರದ ಎಳೆಗಳು ಹರಿದಿದ್ದವು. ಎಳೆದಾಗ ಬಿಡುತ್ತದೆ, ಸಡಿಲವಾದಾಗ ಕೂಡುತ್ತದೆ. ಮೆಕ್ಯಾನಿಕ್ ಒಬ್ಬನೇ ಸಮತಟ್ಟು ರಸ್ತೆಯಲ್ಲಿ ಓಡಿಸಿದರೆ ಎಂಜಿನ್ ಅಷ್ಟೊಂದು ಯಾಕೆ ವಾಲುತ್ತದೆ?

ಲಕ್ಷದ ಗೇರ್ ಬಾಕ್ಸಿಗೆ ಬೇಕಾಗಿದ್ದದ್ದು ಗೇಣುದ್ದದ ವೈರ್. ಅಲ್ಲೇ ಜೋಡಿಸಿ, ಟೇಪ್ ಸುತ್ತಿ, ಪುಳಿಯೋಗರೆ ತಿಂದು ಇಳಿದೆವು.

"ಮೌಂಟಿಂಗ್ ಹೊಸದು ಹಾಕ್ಬೇಕು ಸಾರ್. ಆಮೇಲೆ ಇನ್ನೊಂದು ಟೆಸ್ಟ್. ಲೋಡ್ ಮಾತ್ರ ಇಷ್ಟೇ ಇರ್ಬೇಕು."

"ಈ ಸಲ ಗೊರವನಹಳ್ಳಿ ಲಕ್ಷ್ಮಿಗೆ ಹೋಗೋಣ" ಅಂದರು ಅತ್ತೆ.

"ಆ ಕಡೆ ಇಷ್ಟು ಏರು ಇಲ್ಲಮ್ಮ, ಟೆಸ್ಟ್ ಆಗಲ್ಲ."

"ಬರ್ತಾ ಈ ಕಡೆಯಿಂದ ಬರೋಣ ಬಿಡಪ್ಪ. ಟೆಸ್ಟ್ ಆವಾಗ ಮಾಡ್ಕೊ."