ಮೂಲಭೂತವಾದಿ ಕ್ರೈಸ್ತರ ಜೊತೆ ನಾನು ಎಲ್ಲಿವರೆಗೆ ಬರಬಲ್ಲೆ

ನಾನು ಯೇಸುವನ್ನು ನಂಬುವವನು. ಸತ್ಯವೇದವನ್ನು ದಿನಾ ಓದುವವನು. ಭೂಮಿಗೆ ಆರು ಸಾವಿರ ವರ್ಷ ವಯಸ್ಸು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇದನ್ನೆಲ್ಲ ಒಬ್ಬನೇ ಹೇಳಿದರೆ ಎರಡೂ ಕಡೆಯವರಿಗೆ ಕಸಿವಿಸಿಯಾಗುತ್ತದೆ. "ಹಾಗಾದರೆ ನಿನ್ನದು ಅರ್ಧ ನಂಬಿಕೆ" ಅನ್ನುತ್ತಾರೆ ಒಬ್ಬರು. "ಅಷ್ಟು ಬಿಟ್ಟವನು ಇದನ್ನು ಯಾಕೆ ಹಿಡಿದುಕೊಂಡಿದ್ದೀಯ?" ಅಂತ ಕೇಳುತ್ತಾರೆ ಇನ್ನೊಬ್ಬರು. ಇಬ್ಬರಿಗೂ ಇಲ್ಲೇ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಮೂಲಭೂತವಾದಿ ಅನ್ನುವುದು ಇವತ್ತು ಬೈಗುಳದ ಹಾಗೆ ಕೇಳಿಸುತ್ತದೆ. ಶುರುವಿನಲ್ಲಿ ಹಾಗಿರಲಿಲ್ಲ. ಅಮೆರಿಕದಲ್ಲಿ ತೈಲ ವ್ಯಾಪಾರದಿಂದ ದೊಡ್ಡ ಶ್ರೀಮಂತರಾಗಿದ್ದ ಲೈಮನ್ ಮತ್ತು ಮಿಲ್ಟನ್ ಸ್ಟೀವರ್ಟ್ ಅನ್ನುವ ಸಹೋದರರು ದುಡ್ಡು ಹಾಕಿ 1910ರಿಂದ 1915ರವರೆಗೆ 'ದ ಫಂಡಮೆಂಟಲ್ಸ್' ಅಂತ 12 ಸಂಪುಟ ಹೊರತಂದರು. ಅದರಲ್ಲಿ 90 ಲೇಖನಗಳಿದ್ದವು. ಪಾಸ್ಟರುಗಳಿಗೆ, ಮಿಷನರಿಗಳಿಗೆ, ಸಂಡೆ ಸ್ಕೂಲ್ ನಡೆಸುವವರಿಗೆ ಸುಮಾರು 30 ಲಕ್ಷ ಪ್ರತಿಗಳನ್ನು ಪುಕ್ಕಟೆಯಾಗಿ ಕಳಿಸಿದರು. ಅದೇ 1910ರಲ್ಲಿ ಅಲ್ಲಿನ ಉತ್ತರದ ಪ್ರೆಸ್ಬಿಟೇರಿಯನ್ ಸಭೆ ಐದು ವಿಷಯಗಳನ್ನು ಬಿಟ್ಟುಕೊಡಬಾರದು ಅಂತ ತೀರ್ಮಾನಿಸಿತು. ಸತ್ಯವೇದದಲ್ಲಿ ತಪ್ಪಿಲ್ಲ, ಯೇಸು ಕನ್ನಿಕೆಯಲ್ಲಿ ಹುಟ್ಟಿದ, ನಮ್ಮ ಪಾಪಕ್ಕಾಗಿ ನಮ್ಮ ಬದಲಿಗೆ ಸತ್ತ, ದೇಹಸಮೇತ ಎದ್ದು ಬಂದ, ಅವನು ಮಾಡಿದ ಅದ್ಭುತಗಳು ನಿಜ. ಇಷ್ಟೇ ಆ ಐದು. 1920ರಲ್ಲಿ ಕರ್ಟಿಸ್ ಲೀ ಲಾಸ್ ಅನ್ನುವ ಬ್ಯಾಪ್ಟಿಸ್ಟ್ ಸಂಪಾದಕರು ತಮ್ಮ ಕಡೆಯವರಿಗೆ ಫಂಡಮೆಂಟಲಿಸ್ಟ್, ಅಂದರೆ ಮೂಲಭೂತವಾದಿ, ಅನ್ನುವ ಹೆಸರನ್ನು ಹೆಮ್ಮೆಯಿಂದಲೇ ಕೊಟ್ಟರು.

ಈ ಐದರಲ್ಲಿ ನಾಲ್ಕನ್ನು ನಾನು ನಂಬುತ್ತೇನೆ. ಕನ್ನಿಕೆಯ ಮಗ, ಅದ್ಭುತಗಳು, ಇವುಗಳ ಬಗ್ಗೆ ನನಗೆ ತಕರಾರಿಲ್ಲ. ದೇವರು ಲೋಕವನ್ನೇ ಸೃಷ್ಟಿ ಮಾಡಿದ ಅಂತ ನಂಬಿದ ಮೇಲೆ ನೀರು ದ್ರಾಕ್ಷಾರಸ ಆದದ್ದನ್ನು ನಂಬಲು ಕಷ್ಟ ಏನಿದೆ? ಶಿಲುಬೆಯ ವಿಷಯದಲ್ಲೂ ಅವರ ಜೊತೆಗಿದ್ದೇನೆ. ಆದರೆ ತಂದೆಯ ಕೋಪ ತೀರಿಸಲು ಮಗ ಪೆಟ್ಟು ತಿಂದ ಅನ್ನುವುದೊಂದೇ ವಿವರಣೆ ಅಂದರೆ ನಾನು ತಡೆಯುತ್ತೇನೆ. ಹೊಸ ಒಡಂಬಡಿಕೆಯೇ ಅದನ್ನು ಬಿಡುಗಡೆ ಅನ್ನುತ್ತದೆ, ಸಮಾಧಾನ ಅನ್ನುತ್ತದೆ, ಸಾವಿನ ಮೇಲಿನ ಗೆಲುವು ಅನ್ನುತ್ತದೆ. ಎಲ್ಲವನ್ನೂ ಒಂದೇ ಸೂತ್ರಕ್ಕೆ ಕಟ್ಟುವುದು ಬೇಡ.

ಪುನರುತ್ಥಾನದ ವಿಷಯದಲ್ಲಂತೂ ನಾನು ಪೂರ್ತಿ ಅವರ ಕಡೆ. ಯೇಸು ಶಿಷ್ಯರ ನೆನಪಿನಲ್ಲಿ ಎದ್ದ, ಅವನ ಬೋಧನೆ ಇನ್ನೂ ಬದುಕಿದೆ, ಅಷ್ಟೇ ಪುನರುತ್ಥಾನ ಅಂತ ಹೇಳುವ ಪಂಡಿತರಿದ್ದಾರೆ. ಅಪೊಸ್ತಲ ಪೌಲನಿಗೆ ಈ ದಾರಿ ಬೇಕಾಗಿರಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಓದಿ ನೋಡಿ. ಕ್ರಿಸ್ತ ಎದ್ದು ಬಂದಿಲ್ಲ ಅಂದರೆ ನಿಮ್ಮ ನಂಬಿಕೆ ವ್ಯರ್ಥ, ನಾವು ಸುಳ್ಳುಸಾಕ್ಷಿಗಳು ಅಂತ ನೇರವಾಗಿ ಬರೆಯುತ್ತಾನೆ. ಯಾರ್ಯಾರು ನೋಡಿದರು ಅಂತ ಹೆಸರು ಹೇಳುತ್ತಾನೆ. ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ ಶಿಷ್ಯರು, ಯಾಕೋಬ. ಐನೂರಕ್ಕೂ ಹೆಚ್ಚು ಜನ ಒಟ್ಟಿಗೆ ನೋಡಿದರು, ಅವರಲ್ಲಿ ತುಂಬ ಜನ ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಅಂದರೆ, ಬೇಕಾದರೆ ಹೋಗಿ ಕೇಳಿ ಅಂತ ಅರ್ಥ. ಈ ಪತ್ರ ಬರೆದದ್ದು ಸುಮಾರು ಕ್ರಿ.ಶ. 55ರಲ್ಲಿ, ಶಿಲುಬೆಯ ಘಟನೆ ನಡೆದು ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ. ಬಾಯಿಂದ ಬಾಯಿಗೆ ಬೆಳೆದ ಕಥೆಗೆ ಯಾರೂ ಹೀಗೆ ಸಾಕ್ಷಿಗಳ ಪಟ್ಟಿ ಕೊಡುವುದಿಲ್ಲ. ಇದನ್ನು ನಂಬದೆ ಇರುವ ಹಕ್ಕು ಎಲ್ಲರಿಗೂ ಇದೆ. ನಂಬದೆ ಇದ್ದೂ ಇದೇ ಕ್ರೈಸ್ತ ಧರ್ಮ ಅಂತ ಹೇಳುವುದು ಮಾತ್ರ ಸರಿಯಲ್ಲ. ಇದನ್ನು ಮೂಲಭೂತವಾದಿಗಳು ನೂರು ವರ್ಷದಿಂದ ಹೇಳುತ್ತಿದ್ದಾರೆ, ಸರಿಯಾಗಿಯೇ ಹೇಳುತ್ತಿದ್ದಾರೆ.

ಅವರ ಭಯಕ್ಕೂ ಕಾರಣ ಇತ್ತು. ಆ ಕಾಲದ ಉದಾರವಾದಿ ದೇವಶಾಸ್ತ್ರ ಯೇಸುವನ್ನು ಒಳ್ಳೆಯ ನಡತೆ ಕಲಿಸುವ ಮೇಷ್ಟ್ರ ಮಟ್ಟಕ್ಕೆ ತಂದು ನಿಲ್ಲಿಸಿತ್ತು. ಅದರ ಅತಿ ದೊಡ್ಡ ಹೆಸರು ಜರ್ಮನಿಯ ಅಡಾಲ್ಫ್ ಫಾನ್ ಹಾರ್ನಾಕ್. 1914ರಲ್ಲಿ ಯುದ್ಧ ಶುರುವಾದಾಗ ಜರ್ಮನಿಯ ನಡೆಯನ್ನು ಸಮರ್ಥಿಸಿ 93 ವಿದ್ವಾಂಸರು, ಕಲಾವಿದರು ಹೊರಡಿಸಿದ ಹೇಳಿಕೆಯಲ್ಲಿ ಅವರ ಹೆಸರೂ ಇತ್ತು. ಅವರ ಶಿಷ್ಯ ಕಾರ್ಲ್ ಬಾರ್ತ್ ಅದನ್ನು ಓದಿ ತತ್ತರಿಸಿ ಹೋದರು. ತಾನು ಕಲಿತ ದೇವಶಾಸ್ತ್ರದ ಮೇಲಿನ ನಂಬಿಕೆಯೇ ಅವರಿಗೆ ಹೊರಟುಹೋಯಿತು. ಕಾಲದ ಗಾಳಿ ಬೀಸಿದ ಕಡೆಗೆಲ್ಲ ವಾಲುವ ನಂಬಿಕೆ, ಕಾಲ ಕೆಟ್ಟಾಗ ಅದಕ್ಕೆ ಎದುರು ನಿಲ್ಲಲಾರದು. ಬಾರ್ತ್ ಮೂಲಭೂತವಾದಿ ಆಗಲಿಲ್ಲ, ಆದರೆ ಅವರು ಕಂಡ ಪೊಳ್ಳುತನ ನಿಜವಾದದ್ದು.

1925ರ ಡೇಟನ್ ಮೊಕದ್ದಮೆಯನ್ನು ನಾವು ಹೇಗೆ ನೆನಪಿಟ್ಟುಕೊಂಡಿದ್ದೇವೆ ನೋಡಿ. ಟೆನೆಸಿ ರಾಜ್ಯದಲ್ಲಿ ವಿಕಾಸವಾದ ಪಾಠ ಮಾಡಿದ್ದಕ್ಕೆ ಜಾನ್ ಸ್ಕೋಪ್ಸ್ ಅನ್ನುವ ಶಿಕ್ಷಕರಿಗೆ 100 ಡಾಲರ್ ದಂಡ ಬಿತ್ತು. ವಿಜ್ಞಾನದ ಎದುರು ಮೂಢರು, ಇದು ಎಲ್ಲರಿಗೂ ಗೊತ್ತಿರುವ ಕಥೆ. ಆ ತರಗತಿಯ ಪಠ್ಯಪುಸ್ತಕದಲ್ಲಿ ಇನ್ನೇನಿತ್ತು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಬುದ್ಧಿ ಬೆಳೆಯದವರು, ಅಪರಾಧಿಗಳು ಇರುವ ಕುಟುಂಬಗಳು ಸಮಾಜಕ್ಕೆ ಪರಾವಲಂಬಿಗಳು, ಅವರ ಸಂತಾನ ಬೆಳೆಯದಂತೆ ತಡೆಯಬೇಕು ಅಂತ ಅದರಲ್ಲಿ ಬರೆದಿತ್ತು. ಸ್ಕೋಪ್ಸ್ ವಿರುದ್ಧ ವಾದಿಸಿದ ವಿಲಿಯಂ ಜೆನಿಂಗ್ಸ್ ಬ್ರಯಾನ್ ಈ ಬಗೆಯ ಚಿಂತನೆಯನ್ನು ಕಂಡು ಹೆದರಿದ್ದರು. ಬಲವಿದ್ದವನದೇ ರಾಜ್ಯ ಅಂತ ಮಕ್ಕಳಿಗೆ ಕಲಿಸುತ್ತಿದ್ದಾರೆ ಅಂತ ಅವರ ಸಂಕಟ. ಎರಡೇ ವರ್ಷಕ್ಕೆ, 1927ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ತೀರ್ಪು ಕೊಟ್ಟಿತು. ಬ್ರಯಾನ್ ಅವರ ಜೀವಶಾಸ್ತ್ರ ತಪ್ಪು. ಪ್ರತಿ ಮನುಷ್ಯನಲ್ಲೂ ದೇವರ ರೂಪ ಇದೆ, ಅವನನ್ನು ಕಸ ಅನ್ನಬೇಡಿ ಅನ್ನುವ ಅವರ ಹಟ ಸರಿ. ನನಗೆ ಆ ಹಟ ಬೇಕು.

ಇನ್ನು ಒಪ್ಪದ ವಿಷಯಕ್ಕೆ ಬರುತ್ತೇನೆ. ಅದೇ ಮೊಕದ್ದಮೆಯಲ್ಲಿ ಎದುರು ಪಕ್ಷದ ವಕೀಲ ಕ್ಲಾರೆನ್ಸ್ ಡಾರೋ ಕೇಳಿದಾಗ, ಸೃಷ್ಟಿಯ ಆರು ದಿನ ಇಪ್ಪತ್ತನಾಲ್ಕು ಗಂಟೆಯ ದಿನಗಳೇ ಆಗಿರಬೇಕಿಲ್ಲ ಅಂತ ಬ್ರಯಾನ್ ಅವರೇ ಒಪ್ಪಿಕೊಂಡರು. 'ದ ಫಂಡಮೆಂಟಲ್ಸ್'ನ ಆ 12 ಸಂಪುಟಗಳಲ್ಲಿ ಬರೆದ ಜೇಮ್ಸ್ ಓರ್ ವಿಕಾಸ ನಡೆದಿರಬಹುದು ಅನ್ನುವುದನ್ನು ತಳ್ಳಿಹಾಕಿರಲಿಲ್ಲ. ಸತ್ಯವೇದದಲ್ಲಿ ತಪ್ಪಿಲ್ಲ ಅಂತ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದ ಬಿ.ಬಿ. ವಾರ್‌ಫೀಲ್ಡ್ ಕೂಡ ಅದಕ್ಕೆ ಬಾಗಿಲು ಮುಚ್ಚಲಿಲ್ಲ. ಭೂಮಿಗೆ ಕೆಲವೇ ಸಾವಿರ ವರ್ಷ, ಬಂಡೆಗಳ ಪದರಗಳೆಲ್ಲ ನೋಹನ ಜಲಪ್ರಳಯದಲ್ಲಿ ಆದದ್ದು ಅನ್ನುವ ವಾದ ಅಮೆರಿಕದ ಸಭೆಗಳಲ್ಲಿ ಜೋರಾಗಿ ಹಬ್ಬಿದ್ದು 1961ರ ನಂತರ. ನಿಮ್ಮ ಹಿರಿಯರು ಒಪ್ಪಿಕೊಂಡಿದ್ದ ಜಾಗವನ್ನು ನೀವು ಯಾಕೆ ಮುಚ್ಚಿದಿರಿ? ಮೂಲಭೂತವಾದಿ ಸ್ನೇಹಿತರಿಗೆ ನನ್ನ ಮುಖ್ಯ ಪ್ರಶ್ನೆ ಇದೇ.

ಲೋಕ ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಅನ್ನುವ ಲೆಕ್ಕ 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಪ್ರಕಟಿಸಿದ್ದು. ಅವರು ದೊಡ್ಡ ವಿದ್ವಾಂಸರು, ಆ ಕಾಲಕ್ಕೆ ಅದು ಶ್ರದ್ಧೆಯ ಕೆಲಸ. ಅದರಲ್ಲಿ ಸತ್ಯವೇದದ ವಂಶಾವಳಿಗಳನ್ನು ಕೂಡಿಸಿ ಬಂದ ಭಾಗ ದೊಡ್ಡದು. ಆದರೆ ವಂಶಾವಳಿಗಳು ಹಾಗೆ ಕೂಡಿಸುವುದಕ್ಕೆ ಬರೆದವಲ್ಲ ಅನ್ನುವುದು ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಕಾಣುತ್ತದೆ. ಅಲ್ಲಿ ಯೆಹೋರಾಮನಾದ ಮೇಲೆ ನೇರ ಉಜ್ಜೀಯ ಬರುತ್ತಾನೆ. ಅರಸುಗಳ ಚರಿತ್ರೆ ನೋಡಿದರೆ ನಡುವೆ ಅಹಜ್ಯ, ಯೋವಾಷ, ಅಮಚ್ಯ ಅಂತ ಮೂವರು ರಾಜರಿದ್ದಾರೆ. ಮತ್ತಾಯ ಗೊತ್ತಿದ್ದೇ ಬಿಟ್ಟಿದ್ದಾನೆ, ಹದಿನಾಲ್ಕು ಹದಿನಾಲ್ಕರಂತೆ ಮೂರು ಗುಂಪು ಮಾಡಬೇಕಿತ್ತು ಅವನಿಗೆ. ಅದು ಸುಳ್ಳಲ್ಲ, ಆ ಕಾಲದವರು ವಂಶಾವಳಿ ಬರೆಯುತ್ತಿದ್ದ ರೀತಿ. ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮೂರು ದಿನ ಕಳೆದ ಮೇಲೆ ಸೂರ್ಯ ಬರುತ್ತಾನೆ. ಅಲ್ಲಿ ಪ್ರಾಣಿಗಳು ಮೊದಲು, ಮನುಷ್ಯ ಆಮೇಲೆ. ಎರಡನೇ ಅಧ್ಯಾಯದ ಕಥೆಯಲ್ಲಿ ಮೊದಲು ಮನುಷ್ಯ, ಅವನು ಒಂಟಿಯಾಗಿರಬಾರದು ಅಂತ ಪ್ರಾಣಿಗಳು. ಎರಡನ್ನೂ ಪಕ್ಕಪಕ್ಕ ಇಟ್ಟವರು ಕಣ್ಣು ಮುಚ್ಚಿಕೊಂಡು ಇಟ್ಟರೇ? ಅವರು ಹೇಳಬೇಕಿದ್ದದ್ದು ಬೇರೆ. ಸೂರ್ಯ ಚಂದ್ರ ದೇವರಲ್ಲ, ದೇವರು ಹಚ್ಚಿದ ದೀಪ. ಮನುಷ್ಯ ಮಣ್ಣು, ಆದರೆ ದೇವರ ಉಸಿರಿರುವ ಮಣ್ಣು. ಇದನ್ನು ನಾನು ಒಂದಕ್ಷರ ಬಿಡದೆ ನಂಬುತ್ತೇನೆ. ಬಂಡೆಗಳು 454 ಕೋಟಿ ವರ್ಷ ಹೇಳಿದರೆ ಅದಕ್ಕೆ ಏನೂ ಧಕ್ಕೆಯಿಲ್ಲ.

ಇದು ಇವತ್ತಿನ ಫ್ಯಾಷನ್ನೂ ಅಲ್ಲ. ಡಾರ್ವಿನ್ನನಿಗಿಂತ ಸಾವಿರದ ನಾನೂರು ವರ್ಷ ಹಿಂದೆಯೇ ಸಂತ ಅಗಸ್ಟೀನರು ಎಚ್ಚರಿಸಿದ್ದಾರೆ. ಆಕಾಶ, ನಕ್ಷತ್ರ, ಭೂಮಿಯ ಬಗ್ಗೆ ಹೊರಗಿನವರಿಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿ ಕ್ರೈಸ್ತನೊಬ್ಬ ಸತ್ಯವೇದದ ಹೆಸರಿನಲ್ಲಿ ತಪ್ಪು ಮಾತಾಡಿದರೆ, ಅವನು ಪುನರುತ್ಥಾನದ ಬಗ್ಗೆ ಹೇಳುವುದನ್ನು ಅವರು ಹೇಗೆ ನಂಬುತ್ತಾರೆ ಅಂತ ಅಗಸ್ಟೀನರು ಕೇಳುತ್ತಾರೆ. ನನ್ನ ಸಂಕಟವೂ ಅದೇ. ಆರು ದಿನ ಬಿದ್ದರೆ ಎಲ್ಲವೂ ಬಿತ್ತು ಅಂತ ಮಕ್ಕಳಿಗೆ ಕಲಿಸುತ್ತೇವೆ. ಅವರು ಕಾಲೇಜಿಗೆ ಹೋಗುತ್ತಾರೆ, ಭೂವಿಜ್ಞಾನ ಓದುತ್ತಾರೆ, ಆರು ದಿನ ಬೀಳುತ್ತದೆ. ನಾವು ಕಲಿಸಿದ ಪ್ರಕಾರವೇ ಅವರು ಯೇಸುವನ್ನೂ ಬಿಟ್ಟು ಹೊರಡುತ್ತಾರೆ. ಪೌಲ ನಂಬಿಕೆಯ ಭಾರವನ್ನೆಲ್ಲ ಬರಿದಾದ ಸಮಾಧಿಯ ಮೇಲೆ ಇಟ್ಟ. ಅದನ್ನು ಬೇರೆ ಕಡೆ ಸಾಗಿಸಲು ನಮಗೆ ಯಾರು ಹೇಳಿದರು?

ತಪ್ಪಿಲ್ಲದ ಗ್ರಂಥ ಅನ್ನುವ ಐದನೆಯದು ನನಗೆ ಒಪ್ಪಿಗೆಯಾಗದ್ದೂ ಇದರಿಂದಲೇ. ಈ ವಾದವನ್ನು ಎತ್ತಿಹಿಡಿಯಲು ಇವ್ಯಾಂಜೆಲಿಕಲ್ ಮುಖಂಡರು ಹೊರಡಿಸಿದ 1978ರ ಷಿಕಾಗೋ ಹೇಳಿಕೆ ಮೂಲ ಹಸ್ತಪ್ರತಿಗಳಲ್ಲಿ ಮಾತ್ರ ತಪ್ಪಿಲ್ಲ ಅನ್ನುತ್ತದೆ. ಆ ಮೂಲ ಪ್ರತಿಗಳಲ್ಲಿ ಒಂದೂ ಇವತ್ತು ನಮ್ಮ ಕೈಯಲ್ಲಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದ ಉರುಲು ಹಾಕಿಕೊಂಡ ಅನ್ನುತ್ತಾನೆ ಮತ್ತಾಯ. ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆದ ಅನ್ನುತ್ತದೆ ಅಪೊಸ್ತಲರ ಕೃತ್ಯಗಳು. ಹಗ್ಗ ಹರಿದು ಬಿದ್ದಿರಬಹುದು ಅಂತ ಜೋಡಿಸುತ್ತಾರೆ. ಯಾಕೆ ಜೋಡಿಸಬೇಕು? ನಾಲ್ಕು ಸುವಾರ್ತೆಗಳು ಸಣ್ಣಪುಟ್ಟದರಲ್ಲಿ ಬೇರೆ ಬೇರೆ ಹೇಳಿ ದೊಡ್ಡದರಲ್ಲಿ ಒಂದಾಗಿರುವುದು ನನಗೆ ನಂಬಿಕೆಯನ್ನು ಜಾಸ್ತಿ ಮಾಡುತ್ತದೆ. ಕೂತು ಮಾತಾಡಿಕೊಂಡು ಬರೆದವರಾಗಿದ್ದರೆ ಇವನ್ನೆಲ್ಲ ಸರಿ ಮಾಡುತ್ತಿದ್ದರು ಅಲ್ವಾ?

ಒಂದು ವಚನ ಎತ್ತಿಕೊಂಡು ತೀರ್ಪು ಕೊಡುವ ಅಭ್ಯಾಸ ಎಷ್ಟು ದುಬಾರಿಯಾಗಿದೆ ಅಂತಲೂ ಹೇಳಬೇಕು. ಗುಲಾಮರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ ಅಂತ ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಅಮೆರಿಕದ ದಕ್ಷಿಣದ ಬೋಧಕರು ಇದನ್ನು ಇದ್ದ ಹಾಗೇ ಓದಿದರು. 1845ರಲ್ಲಿ ಸದರನ್ ಬ್ಯಾಪ್ಟಿಸ್ಟರು ಬೇರೆಯಾದದ್ದೇ ಗುಲಾಮರನ್ನು ಇಟ್ಟುಕೊಂಡವರು ಮಿಷನರಿಗಳಾಗಬಹುದೇ ಅನ್ನುವ ಜಗಳದಲ್ಲಿ. ಅವರು ಕ್ಷಮೆ ಕೇಳಿದ್ದು 1995ರಲ್ಲಿ, 150 ವರ್ಷ ಆದ ಮೇಲೆ. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಕೂಡ ಅದೇ ಸತ್ಯವೇದವನ್ನು ಓದಿದವರು. ಅವರು ವಿಮೋಚನಕಾಂಡದಿಂದ ಯೇಸುವಿನವರೆಗೆ ದೇವರು ಯಾರ ಪಕ್ಕ ನಿಂತ ಅಂತ ನೋಡಿದರು. ಹೆಂಗಸರು ಸಭೆಯಲ್ಲಿ ಬೋಧಿಸಬಾರದು ಅನ್ನುವವರಿಗೂ ನನ್ನದು ಇದೇ ಮಾತು. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಫೊಯಿಬೆ, ಪ್ರಿಸ್ಕ, ಯೂನ್ಯ ಅನ್ನುವ ಹೆಂಗಸರಿದ್ದಾರೆ. ಪೌಲ ಅವರನ್ನು ಎಷ್ಟು ಗೌರವದಿಂದ ನೆನೆಯುತ್ತಾನೆ ನೋಡಿ.

ಅಂತ್ಯಕಾಲದ ಲೆಕ್ಕಾಚಾರಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ವಿಲಿಯಂ ಮಿಲ್ಲರನ ಅನುಯಾಯಿಗಳು ಯೇಸು ಮರಳಿ ಬರುತ್ತಾನೆ ಅಂತ 1844ರ ಅಕ್ಟೋಬರ್ 22ರಂದು ಕಾದರು. ಹೆರಾಲ್ಡ್ ಕ್ಯಾಂಪಿಂಗ್ ಅವರ ಮಾತು ನಂಬಿದವರು 2011ರ ಮೇ 21ರಂದು ಕಾದರು. ಆ ದಿನ ಯಾರಿಗೂ ಗೊತ್ತಿಲ್ಲ ಅಂತ ಯೇಸುವೇ ಹೇಳಿದ್ದಾನೆ. ಅಷ್ಟು ಸಾಕು.

ನರಕದ ವಿಷಯ ನನಗೆ ಎಲ್ಲಕ್ಕಿಂತ ಭಾರ. ದೇವರ ನ್ಯಾಯತೀರ್ಪು ಇದೆ ಅಂತ ನಂಬುತ್ತೇನೆ, ಇರಲೇಬೇಕು ಅಂತಲೂ ಅನ್ನಿಸುತ್ತದೆ. ಇಲ್ಲದಿದ್ದರೆ ತುಳಿತಕ್ಕೆ ಸಿಕ್ಕಿ ಸತ್ತವರಿಗೆ ಯಾರು ಉತ್ತರ ಕೊಡುತ್ತಾರೆ? ಆದರೆ ಯೇಸುವಿನ ಹೆಸರೇ ಕೇಳದೆ ತೀರಿಹೋದವರೆಲ್ಲ ಎಂದೆಂದಿಗೂ ಬೆಂಕಿಯಲ್ಲಿ ನರಳುತ್ತಾರೆ ಅನ್ನುವುದನ್ನು ನಾನು ಒಪ್ಪಲಾರೆ. ಸತ್ಯವೇದಕ್ಕೆ ಅಷ್ಟು ನಿಷ್ಠರಾಗಿದ್ದ ಇಂಗ್ಲೆಂಡಿನ ಪಾದ್ರಿ ಜಾನ್ ಸ್ಟಾಟ್ ಕೂಡ ಕೊನೆಯಿಲ್ಲದ ಯಾತನೆಯ ಬದಲು ಕೊನೆಯ ನಾಶ ಅನ್ನುವ ಅರ್ಥದ ಕಡೆಗೆ ತಾವು ವಾಲುತ್ತಿರುವುದಾಗಿ 1988ರಲ್ಲಿ ಬರೆದರು. ಅದಕ್ಕಾಗಿ ತಮ್ಮವರಿಂದಲೇ ಮಾತು ಕೇಳಿದರು. ಮತ್ತಾಯ 25ರಲ್ಲಿ ಯೇಸು ಬೆಂಕಿಯ ಮಾತಾಡುವಾಗ ಎಡಗಡೆ ನಿಂತವರ ಮೇಲೆ ಹೊರಿಸುವ ಅಪರಾಧ ಯಾವುದು? ಹಸಿದಿದ್ದೆ, ಊಟ ಕೊಡಲಿಲ್ಲ. ಸೆರೆಯಲ್ಲಿದ್ದೆ, ನೋಡಲು ಬರಲಿಲ್ಲ. ಯಾವ ಸಿದ್ಧಾಂತಕ್ಕೆ ತಲೆಯಾಡಿಸಿದಿರಿ ಅಂತ ಅಲ್ಲಿ ಅವನು ಕೇಳುವುದಿಲ್ಲ. ನನಗೆ ಗೊತ್ತಿರುವ ಮೂಲಭೂತವಾದಿಗಳಲ್ಲಿ ಜೈಲಿಗೆ ಹೋಗಿ ಕೈದಿಗಳ ಪಕ್ಕ ಕೂತು ಬರುವವರಿದ್ದಾರೆ. ಅವರ ಜೊತೆ ನಾನೂ ಹೋಗಿದ್ದೇನೆ, ಇನ್ನೂ ಹೋಗುತ್ತೇನೆ. ದಾರಿಯುದ್ದಕ್ಕೂ ಆದಿಕಾಂಡದ ಬಗ್ಗೆ ವಾದ ಮಾಡುತ್ತಲೇ ಹೋಗುತ್ತೇವೆ.