ವ್ಯಾಸ್ಕುಲೈಟಿಸ್ ಮರುಕಳಿಸದಿರಲು ಡ್ರಿಪ್ಪೋ, ಗುಳಿಗೆಯೋ?

ಆಂಕಾ ವ್ಯಾಸ್ಕುಲೈಟಿಸ್‌ನಲ್ಲಿ ರೋಗನಿರೋಧಕ ಶಕ್ತಿಯೇ ಸಣ್ಣ ರಕ್ತನಾಳಗಳ ಮೇಲೆ ತಿರುಗಿಬಿದ್ದು ಮೂಗು, ಶ್ವಾಸಕೋಶ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಹತೋಟಿಗೆ ಬಂತೆಂದು ನೆಮ್ಮದಿಯಾಗಿರುವಾಗಲೇ ಒಂದು ಬೆಳಿಗ್ಗೆ ಕರವಸ್ತ್ರದಲ್ಲಿ ಹಕ್ಕಳೆಯೊಂದಿಗೆ ರಕ್ತ ಕಾಣುತ್ತದೆ. ಇದನ್ನು ತಡೆಯಲು ಕಲಬುರಗಿಯ ರೋಗಿಗೆ ಅಲ್ಪ ಸ್ಟೀರಾಯ್ಡ್ ಜೊತೆ ರಿಟುಕ್ಸಿಮ್ಯಾಬ್ ಡ್ರಿಪ್ ಬೇಕೇ, ಅಜಥಯೋಪ್ರಿನ್ ಗುಳಿಗೆ ಸಾಕೇ?

ಪರ: ಡ್ರಿಪ್ಪೇ ಇರಲಿ

ಫ್ರಾನ್ಸ್‌ನ ವೈದ್ಯರು 115 ರೋಗಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಮೇನ್‌ರಿಟ್ಸಾನ್ ಅಧ್ಯಯನದಲ್ಲಿ, 28ನೇ ತಿಂಗಳ ಹೊತ್ತಿಗೆ ಅಜಥಯೋಪ್ರಿನ್ ಪಡೆದವರಲ್ಲಿ ಶೇ 29 ಮಂದಿಗೆ ಕಾಯಿಲೆ ತೀವ್ರವಾಗಿ ಮರುಕಳಿಸಿತ್ತು; ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇ 5 ಮಂದಿಗೆ ಮಾತ್ರ. ತೊಗರಿ ರಾಶಿಯ ದಿನಗಳಲ್ಲಿ ಸೇಡಂ ಕಡೆಯ ರೈತ ನಸುಕಿಗೇ ಹೊಲ ಸೇರಿದರೆ ಗುಳಿಗೆಯ ಪಟ್ಟಿ ಮನೆಯ ಗೂಡಿನಲ್ಲೇ ಉಳಿಯುತ್ತದೆ. 500 ಮಿಲಿಗ್ರಾಂ ಡ್ರಿಪ್ಪನ್ನಾದರೆ, ಆರಂಭದ ಎರಡು ಡೋಸ್‌ಗಳ ನಂತರ, ಆರು ತಿಂಗಳಿಗೊಮ್ಮೆ ಹಾಕಿಸಿಕೊಂಡರಾಯಿತು. ಹೈದರಾಬಾದಿನ ಕಂಪನಿಯೊಂದು 2007ರಲ್ಲೇ ತಂದ ಬಯೋಸಿಮಿಲರ್, ಅಂದರೆ ರಿಟುಕ್ಸಿಮ್ಯಾಬನ್ನೇ ಹೋಲುವಂತೆ ತಯಾರಿಸಿದ ಔಷಧ, ಮೂಲ ಔಷಧಕ್ಕಿಂತ ಅಗ್ಗ.

ವಿರೋಧ: ಗುಳಿಗೆಯನ್ನು ಕೈಬಿಡಬೇಡಿ

ಶೇ 29 ಎಂಬ ಅಂಕಿಯನ್ನು ಒಡೆದು ನೋಡಬೇಕು. ಆ ಅಧ್ಯಯನದಲ್ಲಿ ಕಿಲೋ ತೂಕಕ್ಕೆ 2 ಮಿಲಿಗ್ರಾಂನಂತೆ ಅಜಥಯೋಪ್ರಿನ್ ಕೊಟ್ಟದ್ದು 12 ತಿಂಗಳು ಮಾತ್ರ. ಬಳಿಕ ಇಳಿಸುತ್ತ ಬಂದು 22ನೇ ತಿಂಗಳಿಗೆ ನಿಲ್ಲಿಸಿದರು, ಮರುಕಳಿಕೆಗಳ ಎಣಿಕೆ ಮಾತ್ರ 28ನೇ ತಿಂಗಳವರೆಗೂ ನಡೆಯಿತು. ಸೋತದ್ದು ಗುಳಿಗೆಯೋ, ಗುಳಿಗೆ ಬಿಡಿಸಿದ ಕ್ರಮವೋ? ಈ ವಾದವನ್ನು ಬಹಳ ಎಳೆಯಲಾಗದು, ನಿಜ: ಪೂರ್ಣ ಪ್ರಮಾಣವನ್ನು 24 ತಿಂಗಳು ಕೊಟ್ಟ ರಿಟಜಾರೆಮ್ ಅಧ್ಯಯನದಲ್ಲೂ ಗುಳಿಗೆಯವರಲ್ಲಿ ಶೇ 38, ಡ್ರಿಪ್ಪಿನವರಲ್ಲಿ ಶೇ 15 ಮಂದಿಗೆ ಮರುಕಳಿಸಿತ್ತು. ಆದರೆ ಅವರೆಲ್ಲ ಮೊದಲೇ ಒಮ್ಮೆ ಮರುಕಳಿಕೆ ಕಂಡವರು. ಮೊದಲ ಸಲದ ರೋಗಿಯನ್ನು ಅದೇ ಅಳತೆಗೋಲಿನಿಂದ ಅಳೆಯಲು ನಾನು ಒಪ್ಪುವುದಿಲ್ಲ.

ನನ್ನ ಅಂಜಿಕೆ ಬೇರೆಯೇ. ರಿಟುಕ್ಸಿಮ್ಯಾಬ್ ಪ್ರತಿಕಾಯ ತಯಾರಿಕೆಗೆ ಬೇಕಾದ ಬಿ ಕೋಶಗಳೆಂಬ ಬಿಳಿರಕ್ತಕಣಗಳನ್ನು ತಿಂಗಳುಗಟ್ಟಲೆ ಇಲ್ಲವಾಗಿಸುತ್ತದೆ. ಅಡಗಿದ್ದ ಹೆಪಟೈಟಿಸ್ ಬಿ ಕೆರಳಬಹುದು, ಲಸಿಕೆ ಫಲಿಸದೆ ಹೋಗಬಹುದು, ಮತ್ತು ಸೋಂಕು ತಗುಲಿದಾಗ ಮೈಗೆ ಇಳಿದ ಔಷಧವನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಗುಳಿಗೆಯನ್ನು ಅಂದೇ ನಿಲ್ಲಿಸಬಹುದು. ಬೇಕಿದ್ದರೆ ಗರ್ಭಿಣಿಗೂ ಮುಂದುವರಿಸಬಹುದು. ಅದಕ್ಕೂ ಕಾವಲು ಬೇಕೇ ಬೇಕು: ನಮ್ಮವರಲ್ಲಿ ಕೆಲವರಿಗೆ ನುಡ್‌ಟಿ15 ಎಂಬ ವಂಶವಾಹಿಯ ವ್ಯತ್ಯಾಸದಿಂದಾಗಿ ಬಿಳಿರಕ್ತಕಣಗಳು ಏಕಾಏಕಿ ಕುಸಿಯುವುದರಿಂದ ಮೊದಲ ತಿಂಗಳು ವಾರವಾರವೂ ರಕ್ತ ಪರೀಕ್ಷಿಸಬೇಕು. ಆ ಎಣಿಕೆಯನ್ನು ತಾಲ್ಲೂಕಿನ ಲ್ಯಾಬಿನಲ್ಲೇ ಮಾಡಿಸಿ, ಚೀಟಿ ಹಿಡಿದು ಮಧ್ಯಾಹ್ನದ ಬಸ್ಸಿಗೆ ಮನೆಗೆ ಮರಳಬಹುದು.